ಐದು ಐವತ್ತೈದರ ದನಿ

ಶಿಡ್ಲಘಟ್ಟಕ್ಕೆ ಬೆಳಗಾಗುವುದು ಸೂರ್ಯ ಹುಟ್ಟುವ ಮೊದಲೇ. ಕತ್ತಲಿರುವಾಗಲೇ ಆಟೋ, ಟೆಂಪೋಗಳಲ್ಲಿ ರೇಷ್ಮೆಗೂಡಿನ ಚೀಲಗಳು ಸರ್ಕಾರಿ ಮಾರುಕಟ್ಟೆಯ ದಾರಿ ಹಿಡಿದಿರುತ್ತವೆ. ಸುತ್ತಲ ಹಳ್ಳಿಗಳಲ್ಲಿ ಹುಳು ಸಾಕುವ ಮನೆಯವರು ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಇಳಿದಿರುತ್ತಾರೆ. ಅತ್ತ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಸೇವಂತಿಗೆ, ಗುಲಾಬಿ, ಚೆಂಡು ಹೂವಿನ ಮೂಟೆಗಳು ಬಂದಿಳಿಯುತ್ತವೆ. ಚಿಂತಾಮಣಿಯಲ್ಲಿ ಟೊಮೆಟೊ ಕ್ರೇಟುಗಳು ಗಾಡಿ ಏರುತ್ತವೆ. ಗೌರಿಬಿದನೂರಿನ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಟಿಫನ್ ಡಬ್ಬಿ ಹಿಡಿದು ರೈಲು ಕಾಯುತ್ತಾರೆ.

ಇವರ ಕೈಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ. ಆ ಹೊತ್ತಿನಲ್ಲಿ ಬಿಡುವಾಗಿರುವುದು ಕಿವಿಯೊಂದೇ. ಬೆಳಗಿನ ರೇಡಿಯೋ ನಿಂತಿರುವುದು ಈ ಬಿಡುವಿನ ಮೇಲೆ. ಪತ್ರಿಕೆ ಓದಲು ಕೂರಬೇಕು, ಟಿ.ವಿ. ನೋಡಲು ಕಣ್ಣು ಕೊಡಬೇಕು. ರೇಡಿಯೋ ಮಾತ್ರ ಕೆಲಸ ನಿಲ್ಲಿಸಿ ಎನ್ನುವುದಿಲ್ಲ. ಒಲೆಯ ಮುಂದೆ, ದನದ ಕೊಟ್ಟಿಗೆಯಲ್ಲಿ, ಲಾರಿಯ ಕ್ಯಾಬಿನ್ನಿನಲ್ಲಿ ಅದು ಜೊತೆಗಿರುತ್ತದೆ. ಹಾಗೆ ಜೊತೆಗಿರುವ ದನಿಯ ಹಿಂದೆ ಇವರೆಲ್ಲರಿಗಿಂತ ಮೊದಲೇ ಎದ್ದು ಸ್ಟುಡಿಯೋ ಸೇರಿದ ಒಬ್ಬರಿದ್ದಾರೆ. ಆಕಾಶವಾಣಿಯ ಮಾತಿನಲ್ಲಿ ಅವರು ಉದ್ಘೋಷಕರು, ಖಾಸಗಿ ಎಫ್‌ಎಂ ಭಾಷೆಯಲ್ಲಿ ಆರ್‌ಜೆ.

ಆಕಾಶವಾಣಿಯ ದಿನ 5 ಗಂಟೆ 55 ನಿಮಿಷಕ್ಕೆ ಆರಂಭ. ಮೊದಲು ಕೇಳಿಬರುವುದು ಮಾತಲ್ಲ, ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಸುವ ಸಂಕೇತ ಸಂಗೀತ. ಅದನ್ನು 1936ರಲ್ಲಿ ರಚಿಸಿದವರು ವಾಲ್ಟರ್ ಕೌಫ್‌ಮನ್. ಮಧ್ಯ ಯೂರೋಪಿನಿಂದ ಮುಂಬೈಗೆ ಬಂದು ಅಲ್ಲಿನ ರೇಡಿಯೋ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಯಹೂದಿ ಸಂಗೀತಗಾರ ಅವರು. ಆಮೇಲೆ ವಂದೇ ಮಾತರಂ. ಅದಾದ ಮೇಲೆ ಉದ್ಘೋಷಕರು ನಿಲಯದ ಹೆಸರು, ತರಂಗಾಂತರ, ತಾರೀಖು, ಸಮಯ ಹೇಳುತ್ತಾರೆ. ಕೋಟ್ಯಂತರ ಕನ್ನಡಿಗರ ಬಾಲ್ಯದ ಬೆಳಗು ಈ ಕ್ರಮದಲ್ಲೇ ಕಣ್ಣು ತೆರೆದಿದೆ.

ಗಡಿಯಾರ ಇಲ್ಲದ ಮನೆಗಳಲ್ಲಿ ರೇಡಿಯೋವೇ ಗಡಿಯಾರವಾಗಿತ್ತು. 6.55ಕ್ಕೆ ಬಲದೇವಾನಂದ ಸಾಗರರ ಸಂಸ್ಕೃತ ವಾರ್ತೆ ಬಂತೆಂದರೆ ಮಕ್ಕಳು ಸ್ನಾನಕ್ಕೆ ಏಳಬೇಕು. 7.05ಕ್ಕೆ ಪ್ರದೇಶ ಸಮಾಚಾರ. 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ರಂಗರಾವ್, ಉಪೇಂದ್ರ ರಾವ್ ಅವರ ದನಿ ಕೇಳಿಸುವಾಗ ತಟ್ಟೆಯಲ್ಲಿ ತಿಂಡಿ ಇರಬೇಕು, ವಾರ್ತೆ ಮುಗಿಯುವಷ್ಟರಲ್ಲಿ ಬಸ್ಸಿಗೆ ಹೊರಡಬೇಕು. ಮುಖ ಕಾಣದಿದ್ದರೂ ಇವರು ಮನೆಯವರಂತೆ ಇದ್ದರು.

ಇಂಗ್ಲೆಂಡಿನಲ್ಲೂ ಬೆಳಗಿನ ಹೊತ್ತಿಗೆ ಇದೇ ಬೆಲೆ. 1967ರ ಸೆಪ್ಟೆಂಬರ್ 30ರಂದು ಬಿಬಿಸಿ ತನ್ನ ‘ರೇಡಿಯೋ 1’ ವಾಹಿನಿಯನ್ನು ಆರಂಭಿಸಿದ್ದು ಟೋನಿ ಬ್ಲ್ಯಾಕ್‌ಬರ್ನ್ ನಡೆಸಿಕೊಟ್ಟ ಬೆಳಗಿನ ಕಾರ್ಯಕ್ರಮದಿಂದ. ನಮ್ಮಲ್ಲೂ ಖಾಸಗಿ ಎಫ್‌ಎಂಗಳ ಜಾಹೀರಾತಿಗೆ ಹೆಚ್ಚಿನ ದರ ಇರುವುದು ಬೆಳಗಿನ ಗಂಟೆಗಳಲ್ಲೇ. ನಿಲಯದ ಹೆಸರು ನಿಲ್ಲುವುದು, ಬೀಳುವುದು ಬಹುಮಟ್ಟಿಗೆ ಆ ಮೂರು ನಾಲ್ಕು ಗಂಟೆಗಳ ಮೇಲೆ.

ಕನ್ನಡದ ಮಟ್ಟಿಗೆ ಈ ಕೆಲಸ ಹುಟ್ಟಿದ್ದು ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಅವರ ಬಳಿ ಇದ್ದದ್ದು ಕೇವಲ 30 ವಾಟ್‌ನ ಟ್ರಾನ್ಸ್‌ಮಿಟರ್. ಹಳೆಯ ಕಾಲದ ಒಂದು ಮಂಕು ಬಲ್ಬಿಗೆ ಬೇಕಾಗುವಷ್ಟು ಶಕ್ತಿ. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿಕೊಂಡದ್ದು ಆ ಮನೆಯಲ್ಲೇ. ಹಾಸ್ಯ ಲೇಖಕ ನಾ. ಕಸ್ತೂರಿಯವರೂ ಆ ಸಾಹಸದಲ್ಲಿ ಜೊತೆಗಿದ್ದರು. ಮುಂದೆ 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. 1955ರಲ್ಲಿ ಬೆಂಗಳೂರು ನಿಲಯ ಬಂತು. ಅದರ 612 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಪ್ರಸಾರವೇ ಅಂದಿನ ಕೋಲಾರ ಜಿಲ್ಲೆಯ ಹಳ್ಳಿಹಳ್ಳಿಗೂ ಕನ್ನಡದ ದನಿ ತಲುಪಿಸಿದ್ದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ.

ಹೊರಗಿನಿಂದ ನೋಡಿದರೆ ಮೈಕಿನ ಮುಂದೆ ಕುಳಿತು ಮಾತಾಡುವ ಸುಲಭದ ಕೆಲಸ. ಒಳಗೆ ಹೋದರೆ ಅದು ಸೆಕೆಂಡುಗಳ ಲೆಕ್ಕ.

ಬೆಳಗಿನ ಪಾಳಿಯ ಉದ್ಘೋಷಕರ ಮುಂದೆ ಕ್ಯೂ ಶೀಟ್ ಇರುತ್ತದೆ. ಯಾವ ಗೀತೆ, ಯಾವ ಭಾಷಣ, ಯಾವ ಪ್ರಕಟಣೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. 7.05ರ ಸಮಾಚಾರ 7.05ಕ್ಕೇ ಆರಂಭವಾಗಬೇಕು. ಹಿಂದಿನ ಕಾರ್ಯಕ್ರಮ ನಲವತ್ತು ಸೆಕೆಂಡು ಮೊದಲೇ ಮುಗಿದರೆ ಆ ನಲವತ್ತು ಸೆಕೆಂಡನ್ನು ವಾದ್ಯಸಂಗೀತದಿಂದಲೋ ಮುಂದಿನ ಕಾರ್ಯಕ್ರಮದ ವಿವರದಿಂದಲೋ ತುಂಬಬೇಕು. ಹೆಚ್ಚಾದರೆ ಹಾಡಿನ ದನಿಯನ್ನು ಕೇಳುಗನಿಗೆ ನೋವಾಗದಂತೆ ಮೆಲ್ಲಗೆ ತಗ್ಗಿಸಬೇಕು. ರೇಡಿಯೋದಲ್ಲಿ ಮೌನಕ್ಕೆ ಜಾಗವಿಲ್ಲ. ಹತ್ತು ಸೆಕೆಂಡು ಸದ್ದಿಲ್ಲವೆಂದರೆ ಕೇಳುವವರು ಸೆಟ್ಟು ಕೆಟ್ಟಿತೆಂದು ತಟ್ಟಿ ನೋಡುತ್ತಾರೆ, ಇಲ್ಲವೇ ಬೇರೆ ಸ್ಟೇಷನ್ನಿಗೆ ತಿರುಗಿಸುತ್ತಾರೆ.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾಯಿತು. ಅದು ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ. ಬೆಳಗಿನ ದನಿಯ ಧಾಟಿ ಅಲ್ಲಿಂದ ಬದಲಾಯಿತು. ಬರೆದದ್ದನ್ನು ತಿದ್ದಿತೀಡಿ ಓದುವ ರೀತಿಯ ಜೊತೆಗೆ, ಪಕ್ಕದಲ್ಲಿ ನಿಂತು ಹರಟುವ ರೀತಿಯೂ ಬಂತು. ನಿರೂಪಕರು ಎರಡು ಹಾಡುಗಳ ನಡುವೆ ಆಡುವ ಮಾತಿಗೆ ಅಲ್ಲಿ ‘ಲಿಂಕ್’ ಎನ್ನುತ್ತಾರೆ. ಒಂದು ಲಿಂಕಿಗೆ ಸಿಗುವುದು ಒಂದೋ ಎರಡೋ ನಿಮಿಷ. ಅಷ್ಟರಲ್ಲಿ ಒಂದೇ ವಿಷಯ ಹಿಡಿದು, ನಗಿಸಿಯೋ ಯೋಚಿಸುವಂತೆ ಮಾಡಿಯೋ, ಕೈಬಿಡಬೇಕು. ಹಾಡಿನ ಆರಂಭದ ವಾದ್ಯದ ಮೇಲೆ ಮಾತಾಡುತ್ತಿದ್ದರೆ ಗಾಯಕರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ತಮ್ಮ ಬಾಯಿ ಮುಚ್ಚಬೇಕು. ಇದು ಅಭ್ಯಾಸದಿಂದಲೇ ಬರುವ ವಿದ್ಯೆ.

ಖಾಸಗಿ ಎಫ್‌ಎಂಗಳಿಗೆ ಇನ್ನೊಂದು ಕಟ್ಟುಪಾಡೂ ಇದೆ. ಅವು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಲು ಮಾತ್ರ ಅವಕಾಶ. ಆದರೆ ಸಂಚಾರ, ಹವಾಮಾನ, ಪರೀಕ್ಷೆಯ ಫಲಿತಾಂಶ, ಉದ್ಯೋಗಾವಕಾಶ, ನೀರು ಮತ್ತು ವಿದ್ಯುತ್ ಪೂರೈಕೆ, ಆರೋಗ್ಯದ ಎಚ್ಚರಿಕೆ ಇವನ್ನೆಲ್ಲ ನಿಯಮಗಳು ಸುದ್ದಿಯೆಂದು ಪರಿಗಣಿಸುವುದಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ವಾಹನ ನಿಂತಿದೆಯೆಂದು ಬೆಳಗಿನ ಆರ್‌ಜೆ ದಿನವೂ ಹೇಳಲು ಸಾಧ್ಯವಾಗಿರುವುದು ಹೀಗೆ. ಚಿಕ್ಕಬಳ್ಳಾಪುರದಿಂದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗುವವರಿಗೂ ಅದು ಉಪಯೋಗದ ಮಾತೇ.

ಬೆಳಗಿನ ಕಾರ್ಯಕ್ರಮಕ್ಕೆ ಕೂರುವವರು ನಾಲ್ಕು ಗಂಟೆಗೋ ನಾಲ್ಕೂವರೆಗೋ ಏಳಬೇಕು. ಎದ್ದಾಗ ದನಿ ಗಂಟಲಲ್ಲಿ ಕಟ್ಟಿಕೊಂಡಿರುತ್ತದೆ. ಬಿಸಿನೀರು ಕುಡಿದು, ಒಂದಷ್ಟು ಜೋರಾಗಿ ಓದಿ ಅದನ್ನು ಬಿಡಿಸಿಕೊಳ್ಳಬೇಕು. ಅಂದಿನ ಪತ್ರಿಕೆಗಳನ್ನು ತಿರುವಿಹಾಕಬೇಕು. ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿದ್ದರೂ, ರಾತ್ರಿ ನಿದ್ದೆಯಿಲ್ಲದಿದ್ದರೂ ದನಿಯಲ್ಲಿ ಅದು ಕಾಣಬಾರದು. ಸಂಜೆಯ ಮದುವೆ, ರಾತ್ರಿಯ ಊಟದ ಕೂಟಗಳನ್ನು ಬಿಟ್ಟು ಒಂಬತ್ತಕ್ಕೆ ಮಲಗುವುದು ಈ ಕೆಲಸದವರು ತೆರುವ ಬೆಲೆ.

ಹೊಸಬರಿಗೆ ಹಿರಿಯರು ಮೊದಲು ಹೇಳುವ ಪಾಠ ಒಂದೇ. ಸಭೆಗೆ ಮಾತಾಡಿದಂತೆ ಮಾತಾಡಬೇಡಿ, ಒಬ್ಬರಿಗೆ ಹೇಳಿ. ಲಕ್ಷ ಜನ ಕೇಳುತ್ತಿದ್ದರೂ ಪ್ರತಿಯೊಬ್ಬರೂ ಕೇಳುವುದು ಒಂಟಿಯಾಗಿ. ಹಾಗಾಗಿ ಒಳ್ಳೆಯ ನಿರೂಪಕರು ಮನಸ್ಸಿನಲ್ಲಿ ಒಂದು ಮುಖ ಇಟ್ಟುಕೊಳ್ಳುತ್ತಾರೆ. ದೋಸೆ ಹುಯ್ಯುತ್ತಿರುವ ಅಕ್ಕ, ಬಸ್ಸು ಓಡಿಸುವ ಅಣ್ಣ, ಕೋಣೆಯಲ್ಲಿ ಒಬ್ಬರೇ ಇರುವ ಅಜ್ಜಿ. ‘ಆಕಾಶವಾಣಿ ಈರಣ್ಣ’ ಎಂದೇ ಹೆಸರಾದ ಎ.ಎಸ್. ಮೂರ್ತಿಯವರು ಜನರ ಮನಸ್ಸಿನಲ್ಲಿ ಉಳಿದದ್ದು ಈ ಆಪ್ತತೆಯಿಂದಲೇ. ಕೇಳುಗರು ಅವರನ್ನು ಹುದ್ದೆಯಿಂದ ಗುರುತಿಸಲಿಲ್ಲ, ತಮ್ಮೂರಿನವನ ಹಾಗಿದ್ದ ಪಾತ್ರದ ಹೆಸರಿನಿಂದ ಕರೆದರು.

ಹೀಗೆ ಪಳಗಿದ ದನಿ ರೇಡಿಯೋ ಒಂದರಲ್ಲೇ ನಿಲ್ಲಬೇಕಾಗಿಲ್ಲ. ಅಪರ್ಣಾ ಅವರ ಬದುಕು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಲ್ಲಿ ನಟಿಸಿದ್ದ ಅವರು ದೂರದರ್ಶನದಲ್ಲಿ, ಆಕಾಶವಾಣಿಯ ಎಫ್‌ಎಂನಲ್ಲಿ, ಸರ್ಕಾರಿ ಸಮಾರಂಭಗಳ ವೇದಿಕೆಯಲ್ಲಿ ದಶಕಗಳ ಕಾಲ ನಿರೂಪಕಿಯಾದರು. ಬೆಂಗಳೂರಿನ ‘ನಮ್ಮ ಮೆಟ್ರೋ’ದಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಕನ್ನಡದಲ್ಲಿ ಹೇಳಿದ ದನಿ ಅವರದೇ. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಅವರ ಮುಖ ನೋಡದ ಪ್ರಯಾಣಿಕರೂ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಒಂದೊಂದು ಅಕ್ಷರಕ್ಕೂ ಅದರ ಪಾಲಿನ ಉಸಿರು ಕೊಟ್ಟು ಆಡಿದ ಕನ್ನಡ ಅವರನ್ನು ಅಷ್ಟು ದೂರ ಕರೆದೊಯ್ದಿತ್ತು. ದಾನಿಶ್ ಸೇಠ್ ಅವರದು ಬೇರೆಯೇ ದಾರಿ. ಬೆಂಗಳೂರಿನ ಫೀವರ್ ಎಫ್‌ಎಂನಲ್ಲಿ ಕೇಳುಗರಿಗೆ ತಮಾಷೆಯ ಕರೆ ಮಾಡುತ್ತಾ ದನಿಗಳನ್ನು ಬದಲಿಸುತ್ತಿದ್ದ ಅವರ ನೊಗರಾಜ್ ಎಂಬ ಪಾತ್ರ 2018ರಲ್ಲಿ ಸಿನಿಮಾ ಆಗಿ ತೆರೆಗೂ ಬಂತು.

ಇಷ್ಟೆಲ್ಲ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿಂದ ಅರವತ್ತು, ಎಪ್ಪತ್ತು ಕಿಲೋಮೀಟರ್ ದೂರದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರುಗಳ ಪಾಲಿಗೆ ಏನು ಬಂತು?

ಇದಕ್ಕೆ ಅರ್ಧ ಉತ್ತರ ಭೌತಶಾಸ್ತ್ರದಲ್ಲಿದೆ. 612 ಕಿಲೋಹರ್ಟ್ಸ್‌ನ ಅಲೆಯ ಉದ್ದ ಸುಮಾರು 490 ಮೀಟರ್. ಅಷ್ಟು ಉದ್ದದ ಅಲೆ ನೆಲ ತಬ್ಬಿಕೊಂಡು, ಬೆಟ್ಟ ಬಳಸಿಕೊಂಡು ಸಾಗುತ್ತದೆ. 101.3 ಮೆಗಾಹರ್ಟ್ಸ್‌ನ ಎಫ್‌ಎಂ ರೇನ್‌ಬೋ ಕನ್ನಡ ಕಾಮನಬಿಲ್ಲು ವಾಹಿನಿಯ ಅಲೆಗೆ ಮೂರು ಮೀಟರ್ ಉದ್ದವೂ ಇಲ್ಲ. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಹೋಗುತ್ತದೆ. ಎದುರಿಗೆ 1478 ಮೀಟರ್ ಎತ್ತರದ ನಂದಿ ಬೆಟ್ಟ, ಅದರ ಪಕ್ಕದ ಸ್ಕಂದಗಿರಿ ನಿಂತರೆ ಹಿಂದೆ ನೆರಳು ಬೀಳುತ್ತದೆ. ಬೆಂಗಳೂರಿನಿಂದ ಕಾರಿನಲ್ಲಿ ಹೊರಟವರಿಗೆ ಮೊದಲು ಕೊಳಲಿನಂತೆ ಕೇಳುತ್ತಿದ್ದ ಎಫ್‌ಎಂ ಬೆಟ್ಟದ ಮಗ್ಗುಲಿನಲ್ಲಿ ಗೊರಗೊರ ಎನ್ನತೊಡಗುವುದು ಈ ಕಾರಣಕ್ಕೆ.

ಗೌರಿಬಿದನೂರಿಗೆ ರೇಡಿಯೋದೊಂದಿಗೆ ಇನ್ನೊಂದು ನಂಟೂ ಇದೆ, ಹೊರಗಿನವರಿಗೆ ಅದು ಅಷ್ಟಾಗಿ ತಿಳಿಯದು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರಿಂದ ಅಲ್ಲಿ ರೇಡಿಯೋ ದೂರದರ್ಶಕ ನಡೆಸಿವೆ. ಸಾವಿರ ಆಂಟೆನಾಗಳನ್ನು ಆಂಗ್ಲ ಅಕ್ಷರ ‘ಟಿ’ಯ ಆಕಾರದಲ್ಲಿ ನೆಟ್ಟು, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಹಬ್ಬಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದರು. ನಕ್ಷತ್ರಲೋಕದಿಂದ ಬರುವ ಕ್ಷೀಣ ದನಿ ಹಿಡಿಯಲು ಊರ ಗದ್ದಲದಿಂದ ದೂರವಿರುವ ಬಯಲು ಬೇಕು. ಆಕಾಶದ ದನಿಯನ್ನು ಇಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡ ತಾಲ್ಲೂಕಿನ ಜನ, ಬೆಳಗಿನ ತಮ್ಮ ಕನ್ನಡಕ್ಕೆ ಇಂದಿಗೂ ಬೆಂಗಳೂರಿನತ್ತ ಕಿವಿ ಇಡಬೇಕಾಗಿದೆ.

ಈ ಊರುಗಳ ಪಾಲಿಗೆ ಏನು ಬಂತೆಂಬ ಪ್ರಶ್ನೆಯ ಇನ್ನರ್ಧ ಉತ್ತರ ಹಣದಲ್ಲಿದೆ. ಖಾಸಗಿ ಎಫ್‌ಎಂ ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಬೇರು ಬಿಟ್ಟದ್ದು ಅಲ್ಲಿ ಜಾಹೀರಾತು ಸಿಗುತ್ತದೆಂದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ದೇಶದ 234 ಹೊಸ ನಗರಗಳಲ್ಲಿ 730 ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಸಣ್ಣ ಊರುಗಳಿಗೂ ಸ್ಥಳೀಯ ಮಾತು ಬೇಕೆಂಬುದನ್ನು ಸರ್ಕಾರವೂ ಒಪ್ಪಿಕೊಂಡಂತಾಯಿತು.

ನಿಲಯ ಹತ್ತಿರವಿಲ್ಲದಿದ್ದರೂ ದಾರಿ ಮುಚ್ಚಿಲ್ಲ. ಚಿಂತಾಮಣಿಯ ಕಾಲೇಜಿನ ಹುಡುಗಿಗೋ ಶಿಡ್ಲಘಟ್ಟದ ಹುಡುಗನಿಗೋ ಆಕಾಶವಾಣಿಯ ಬಾಗಿಲು ತೆರೆಯುವುದು ಧ್ವನಿ ಪರೀಕ್ಷೆಯ ಮೂಲಕ. ನಿಲಯಗಳು ಆಗಾಗ ತಾತ್ಕಾಲಿಕ ಉದ್ಘೋಷಕರಿಗೆ ಅರ್ಜಿ ಕರೆಯುತ್ತವೆ. ಸಾಮಾನ್ಯ ಜ್ಞಾನ, ಸಾಹಿತ್ಯ, ಸಂಗೀತದ ಬಗ್ಗೆ ಲಿಖಿತ ಪರೀಕ್ಷೆ, ಬಳಿಕ ಮೈಕಿನ ಮುಂದೆ ಓದು. ಆಯ್ಕೆಯಾದವರಿಗೆ ‘ವಾಣಿ’ ಎಂಬ ತರಬೇತಿ ಇರುತ್ತದೆ. ತಾತ್ಕಾಲಿಕ ಉದ್ಘೋಷಕರಿಗೆ ವಾಡಿಕೆಯಂತೆ ಸಿಗುವುದು ತಿಂಗಳಿಗೆ ಹೆಚ್ಚೆಂದರೆ ಆರು ಪಾಳಿ. ಅದೊಂದರಿಂದಲೇ ಸಂಸಾರ ಸಾಗದು. ಬಹಳಷ್ಟು ಮಂದಿ ಪಾಠ ಹೇಳುತ್ತಲೋ ಬೇರೆ ಕೆಲಸ ಮಾಡುತ್ತಲೋ, ಜಾಹೀರಾತಿಗೆ, ಸಾಕ್ಷ್ಯಚಿತ್ರಕ್ಕೆ, ಧ್ವನಿಪುಸ್ತಕಕ್ಕೆ ದನಿ ಕೊಡುತ್ತಲೋ ಇದನ್ನು ಜೊತೆಗೆ ನಡೆಸುತ್ತಾರೆ. ಈ ಲೆಕ್ಕವನ್ನು ಮೊದಲೇ ತಿಳಿದು ಬರುವುದು ಒಳ್ಳೆಯದು.

ಧ್ವನಿ ಪರೀಕ್ಷೆಯಲ್ಲಿ ಅನೇಕರು ಎಡವುವುದು ನಾಲ್ಕಾರು ಅಕ್ಷರಗಳಲ್ಲೇ. ಹಾಲು ಆಲಾಗುತ್ತದೆ, ಆಸೆ ಹಾಸೆಯಾಗುತ್ತದೆ. ಶ, ಷ, ಸಗಳು ಒಂದೇ ಆಗಿಬಿಡುತ್ತವೆ. ಮಹಾಪ್ರಾಣ ಇಲ್ಲದ ಕಡೆ ಬಂದು, ಇರಬೇಕಾದ ಕಡೆ ತಪ್ಪಿಸಿಕೊಳ್ಳುತ್ತದೆ. ಊರಿನ ಮಾತಿನಲ್ಲಿ ಇದ್ಯಾವುದೂ ತಪ್ಪಲ್ಲ. ಮನೆಯ ಮಾತು ಮನೆಯಲ್ಲಿ ಇರಲಿ, ವಾರ್ತೆಯ ಕನ್ನಡವನ್ನು ಇನ್ನೊಂದು ವಿದ್ಯೆಯಾಗಿ ಕಲಿಯಬೇಕು. ದಿನವೂ ಅರ್ಧ ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಮುದ್ರಿಸಿ, ತಾವೇ ಕೇಳಿ ತಿದ್ದಿಕೊಂಡರೆ ಕೆಲವು ತಿಂಗಳಲ್ಲೇ ನಾಲಿಗೆ ತಿರುಗುತ್ತದೆ.

ಈ ಸೀಮೆಯ ಮಕ್ಕಳಿಗೆ ಒಂದು ಬಂಡವಾಳ ಹುಟ್ಟಿನಿಂದಲೇ ಬಂದಿದೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಕೈವಾರದ ಸಂತಕವಿ ತಾತಯ್ಯನವರ ಪದಗಳನ್ನು ಎರಡೂ ಭಾಷೆಗಳಲ್ಲಿ ಹಾಡಿಕೊಂಡು ಬೆಳೆದ ನೆಲ ಇದು. ಒಂದು ಮಾತಿನಿಂದ ಇನ್ನೊಂದಕ್ಕೆ ಜಾರುವಾಗ ಕಿವಿ ಚುರುಕಾಗುತ್ತದೆ. ನೇರ ಫೋನ್ ಕರೆ ಸ್ವೀಕರಿಸುವ ಕಾರ್ಯಕ್ರಮದಲ್ಲಿ, ಆ ಕಡೆಯಿಂದ ಯಾವ ಧಾಟಿಯ ಮಾತು ಬಂದರೂ ತಡವರಿಸದೆ ಹಿಡಿಯುವವರಿಗೇ ಮೇಲುಗೈ.

ತಮ್ಮೂರಿನದೇ ರೇಡಿಯೋ ನಡೆಸುವುದನ್ನು ಕೋಲಾರ ಸೀಮೆಯವರೇ ಒಮ್ಮೆ ಮಾಡಿ ತೋರಿಸಿದ್ದಾರೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಯುನೆಸ್ಕೋ ನೆರವಿನಿಂದ ‘ವಾಯ್ಸಸ್’ ಮತ್ತು ‘ಮೈರಾಡ’ ಸಂಸ್ಥೆಗಳು ‘ನಮ್ಮ ಧ್ವನಿ’ ಕಟ್ಟಿದವು. ಆಗಿನ್ನೂ ಹಳ್ಳಿಯ ಸಂಘ ಸಂಸ್ಥೆಗಳಿಗೆ ಬಾನುಲಿಯ ಪರವಾನಗಿ ಸಿಗುತ್ತಿರಲಿಲ್ಲ. ಗಾಳಿಯಲ್ಲಿ ಬಿಡಲಾಗದ ದನಿಯನ್ನು ಅವರು ಟಿ.ವಿ. ಕೇಬಲ್ಲಿನ ತಂತಿಯ ಮೂಲಕ ಮನೆಮನೆಗೆ ಹರಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೈಕು ಹಿಡಿದರು, ಧ್ವನಿಮುದ್ರಣ ಕಲಿತರು, ನೀರಿನ ಸಮಸ್ಯೆ, ಬೆಳೆ, ಆರೋಗ್ಯದ ಬಗ್ಗೆ ತಮ್ಮ ಮಾತಿನಲ್ಲೇ ಕಾರ್ಯಕ್ರಮ ಮಾಡಿದರು. ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಪರವಾನಗಿ ಕೊಡುವ ನೀತಿ ಬಂದದ್ದು 2006ರ ಕೊನೆಗೆ. ಆಮೇಲೆ ಬೆಂಗಳೂರಿನಲ್ಲಿ ಜೈನ್ ಸಂಸ್ಥೆಯ ‘ರೇಡಿಯೋ ಆಕ್ಟಿವ್’, ತುಮಕೂರಿನಲ್ಲಿ ‘ರೇಡಿಯೋ ಸಿದ್ಧಾರ್ಥ’, ಸರಗೂರಿನಲ್ಲಿ ‘ಜನಧ್ವನಿ’ ಹುಟ್ಟಿದವು.

ಇಂಥ ನಿಲಯಕ್ಕೆ 100 ವಾಟ್ ಶಕ್ತಿ, 30 ಮೀಟರ್ ಮೀರದ ಗೋಪುರ ಸಾಕು. ಸುತ್ತ ಹತ್ತು ಹದಿನೈದು ಕಿಲೋಮೀಟರ್ ಕೇಳುತ್ತದೆ, ಅಂದರೆ ಒಂದು ಪಟ್ಟಣ ಮತ್ತು ಅದರ ಹಳ್ಳಿಗಳು. ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ನೋಂದಾಯಿತ ಸೇವಾಸಂಸ್ಥೆಗಳು ಅರ್ಜಿ ಹಾಕಬಹುದು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ. ಗೌರಿಬಿದನೂರಿನಲ್ಲಿ, ಆ ತಾಲ್ಲೂಕಿನ ಹೊಸೂರಿನಲ್ಲೇ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಶ್ರಮದಿಂದ ಬಂದ ನ್ಯಾಷನಲ್ ಕಾಲೇಜಿದೆ. ಮೈಸೂರಿನ ಮೇಷ್ಟ್ರೊಬ್ಬರು 30 ವಾಟ್‌ನಿಂದ ಮಾಡಿದ ಕೆಲಸಕ್ಕೆ ಇಲ್ಲಿ ಜಾಗವೂ ಇದೆ, ಜನರೂ ಇದ್ದಾರೆ.

ಅಂಥದೊಂದು ನಿಲಯ ಶಿಡ್ಲಘಟ್ಟದಲ್ಲಿ ಇದ್ದರೆ ಅದರ ಬೆಳಗಿನ ನಿರೂಪಕಿಗೆ ವಿಷಯ ಹುಡುಕುವ ಕಷ್ಟವೇ ಇರದು. ರಾತ್ರಿ ಮಳೆ ಬಿದ್ದಿದ್ದರೆ ಒದ್ದೆ ಸೊಪ್ಪನ್ನು ಆರಿಸದೆ ಹುಳುವಿಗೆ ಕೊಡಬೇಡಿ ಎಂದು ಹೇಳಬೇಕು. ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಕಳಚುವ ನಿದ್ದೆಗೆ, ಕೂತ ಹುಳುವಿನ ಮನೆಯಲ್ಲಿ ಗಾಳಿ, ತೇವ ಹೇಗಿರಬೇಕೆಂದು ತಜ್ಞರನ್ನು ಕೇಳಬೇಕು. ನಿನ್ನೆ ಮಾರುಕಟ್ಟೆಯಲ್ಲಿ ದ್ವಿತಳಿ ಗೂಡಿಗೆ ಎಷ್ಟು, ಮಿಶ್ರತಳಿಗೆ ಎಷ್ಟು ಧಾರಣೆ ಸಿಕ್ಕಿತೆಂದು ಓದಬೇಕು. ಬಂಗಾರಪೇಟೆ ಕಡೆಯಿಂದ ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹೊತ್ತಿಗೆ ಸರಿಯಾಗಿದೆಯೇ ಎಂದು ವಿಚಾರಿಸಬೇಕು. ನಡುವೆ ಒಂದು ಹಳೆಯ ಚಿತ್ರಗೀತೆ. ಅಷ್ಟರಲ್ಲಿ ಹಳ್ಳಿಯಿಂದ ಒಂದು ಫೋನು ಬರುತ್ತದೆ: ನಮ್ಮ ಮನೆಯಲ್ಲಿ ಹುಳು ಹಣ್ಣಾಗಿದೆ, ಗೂಡು ಕಟ್ಟಿಸಲು ಚಂದ್ರಂಕಿ ಸಾಲದು, ಪಕ್ಕದೂರಿನವರು ಯಾರಾದರೂ ಎರಡು ದಿನಕ್ಕೆ ಕೊಡುತ್ತಾರಾ ಕೇಳಮ್ಮಾ. ಅವಳು ಊರಿನ ಹೆಸರು ಬರೆದುಕೊಂಡು, ಹಾಡಿನ ದನಿ ತಗ್ಗಿಸಿ, ಮೈಕು ತೆರೆಯುತ್ತಾಳೆ.